ಅಡುಗೆಮನೆ ಗೋಡೆಯ ಆಚೆಗಿನ ಕಂಪ್ಯೂಟರು

‘ನಮ್ಮ ಮನೆಗೆ ಕಂಪ್ಯೂಟರು ಬಂದ ದಿನ’ ಎಂಬ ಧಾಟಿಯ ಬರಹಗಳು ಪತ್ರಿಕೆಗಳ ವಿಶೇಷಾಂಕಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತವೆ. ಕಂಡರೆ ನಾನು ಬಿಡದೆ ಓದುತ್ತೇನೆ. ಓದಿ ಮುಗಿಸಿದ ಮೇಲೆ ಮಾತ್ರ ಪ್ರತಿಸಲವೂ ಒಂದೇ ಅಸಮಾಧಾನ. ಬರೆದವರು ಹೆಚ್ಚಾಗಿ ಗಂಡಸರು. ಯಂತ್ರದ ವೇಗವೆಷ್ಟು, ಅದರ ಹೊಟ್ಟೆಯೊಳಗೆ ಎಷ್ಟು ಎಂ.ಬಿ. ಇತ್ತು, ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದಲ್ಲಿ ಎಷ್ಟನೆಯ ಹಂತದವರೆಗೆ ಹೋಗಿದ್ದೆವು, ಫ್ಲಾಪಿ ಹೇಗೆ ಕೈಕೊಟ್ಟಿತು, ಇವೆಲ್ಲ ಬಹಳ ಅಕ್ಕರೆಯಿಂದ ಬಂದಿರುತ್ತವೆ. ಅಮ್ಮ ಎಂಬುವಳು ಒಂದೇ ಒಂದು ಕಡೆ ಬರುತ್ತಾಳೆ. ಬಾಗಿಲಲ್ಲಿ ನಿಂತು ‘ಊಟಕ್ಕೆ ಬಾರೋ’ ಎಂದು ಕರೆಯುತ್ತಾಳೆ, ಇಲ್ಲವೇ ಆಯುಧಪೂಜೆಯ ದಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚುತ್ತಾಳೆ. ಅಲ್ಲಿಗೆ ಅವಳ ಪಾತ್ರ ಮುಗಿಯಿತು. ಆ ಕುರ್ಚಿಯಲ್ಲಿ ಅವಳು ಯಾವತ್ತಾದರೂ ಕೂತಳೇ, ಕೂತಿದ್ದರೆ ಏನು ಮಾಡಿದಳು, ಯಾವ ಭಾಷೆಯಲ್ಲಿ ಮಾಡಿದಳು ಎಂಬ ಪ್ರಶ್ನೆ ಲೇಖಕರ ಮನಸ್ಸಿಗೆ ಬಂದಂತೆಯೇ ಕಾಣುವುದಿಲ್ಲ.

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತೇವೆ, ನಾಟಕಕ್ಕೆ ಬರೆಯುತ್ತೇವೆ. ಆದರೆ ಜನ ಮನೆಯಲ್ಲಿ ಕೂತು ಕನ್ನಡ ಬರೆದದ್ದು ಯಾವ ತಂತ್ರಾಂಶದಿಂದಲೋ ಅದರ ಗುಣದೋಷ ಹೇಳುವವರು ಎಂಜಿನಿಯರುಗಳು ಮಾತ್ರ. ನಾನು ಎಂಜಿನಿಯರಲ್ಲ. ಮೂವತ್ತು ವರ್ಷದಿಂದ ಸೋಮವಾರಪೇಟೆಯ ಕಡೆ ಹೈಸ್ಕೂಲು ಮಕ್ಕಳಿಗೆ ಕನ್ನಡವನ್ನೂ ಸಮಾಜವನ್ನೂ ಹೇಳಿಕೊಡುತ್ತಿರುವ ಬಿ.ಎ., ಬಿ.ಎಡ್. ಟೀಚರು. ಆದರೂ ಕಾಗುಣಿತ ತಿದ್ದಿದ ಕೈಗೆ ಕೀಲಿಮಣೆಯ ವಿಷಯದಲ್ಲಿ ಒಂದೆರಡು ಮಾತಾಡುವ ಅಧಿಕಾರವಿದೆ ಎಂದುಕೊಂಡಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ, 1984-85ರಲ್ಲಿ, ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಮಾಡಿ ದೇಶದ ಕೆಲವು ಆಯ್ದ ಶಾಲೆಗಳಿಗೆ ಇಂಗ್ಲೆಂಡಿನ ‘ಬಿಬಿಸಿ ಮೈಕ್ರೋ’ ಕಂಪ್ಯೂಟರುಗಳನ್ನು ಕೊಟ್ಟಿತ್ತು. ನಮ್ಮ ಶಾಲೆ ಆಯ್ದ ಶಾಲೆಯಲ್ಲ. ಹಾಗಾಗಿ ನಾನು ಕಂಪ್ಯೂಟರನ್ನು ಮುಟ್ಟಿದ್ದು ಮದುವೆಯಾಗಿ ಐದು ವರ್ಷ ಕಳೆದ ಮೇಲೆ, 1998ರಲ್ಲಿ. ಅದು ನಮ್ಮ ಮನೆಗೆ ಬಂದದ್ದು ಕಾಫಿಯ ದೆಸೆಯಿಂದ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋಯಿತು. ಅದೇ ಹೊತ್ತಿಗೆ ಇಲ್ಲಿ ಕಾಫಿ ಬೋರ್ಡಿನ ಕಟ್ಟುಪಾಡು ಒಂದೊಂದಾಗಿ ಸಡಿಲವಾಗಿ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಬಹುದೆಂದಾಯಿತು. ಎಲ್ಲಿಯದೋ ಹಿಮ ಕೊಡಗಿನ ಮನೆಗಳಿಗೆ ಮಾರುತಿ ಕಾರು, ಬಣ್ಣದ ಟೀವಿ, ಮೊಸಾಯಿಕ್ ನೆಲ ತಂದಿತು. ನಮ್ಮದು ಆರೆಕರೆಯ ತೋಟ, ಕಾರು ಬರಲಿಲ್ಲ. ಮೈಸೂರಿನಲ್ಲಿ ಓದುತ್ತಿದ್ದ ಮೈದುನನ ಒತ್ತಾಯಕ್ಕೆ ಒಂದು ಕಂಪ್ಯೂಟರು ಬಂತು. ನಲವತ್ತೆಂಟು ಸಾವಿರ. ನನ್ನ ಆಗಿನ ಸಂಬಳದಲ್ಲಿ ಲೆಕ್ಕ ಹಾಕಿ ನಾನು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಅದನ್ನು ಮೊದಲು ಇಟ್ಟದ್ದು ಹಾಲಿನಲ್ಲಿ, ಬಂದವರಿಗೆ ಕಾಣುವ ಹಾಗೆ. ಹಳೆಯ ಪರದೆ ಬಟ್ಟೆಯಲ್ಲಿ ನೆರಿಗೆ ಕೊಟ್ಟು ಅದಕ್ಕೊಂದು ಹೊದಿಕೆ ಹೊಲಿದದ್ದೇ ನನ್ನ ಮೊದಲ ಕಂಪ್ಯೂಟರ್ ಕೆಲಸ. ಚಪ್ಪಲಿ ಬಿಟ್ಟು ಅದರ ಹತ್ತಿರ ಹೋಗಬೇಕು, ಒದ್ದೆ ಕೈಯಲ್ಲಿ ಮುಟ್ಟಬಾರದು, ಮಗ ಅಳುತ್ತಿದ್ದರೆ ಎತ್ತಿಕೊಂಡು ಅತ್ತ ಹೋಗಬೇಕು. ನಮ್ಮ ಯಜಮಾನರು ಅದರಲ್ಲಿ ತೋಟದ ಲೆಕ್ಕ ಬರೆಯುತ್ತೇನೆಂದು ಹೊರಟು ಒಂದು ವಾರ ಬರೆದರು. ಆಮೇಲೆ ಲೆಕ್ಕ ಮತ್ತೆ ಕೆಂಪು ರಟ್ಟಿನ ಪುಸ್ತಕಕ್ಕೆ ಹೋಯಿತು. ಮೈದುನ ರಜೆಗೆ ಬಂದಾಗ ಆಟ ಆಡುತ್ತಿದ್ದ. ಉಳಿದ ದಿನ ಅದು ನನ್ನ ನೆರಿಗೆಯ ಹೊದಿಕೆಯೊಳಗೆ ಸುಮ್ಮನೆ ಕೂತಿತ್ತು.

ನಮ್ಮನ್ನು ಅದರ ಹತ್ತಿರ ತಂದದ್ದು ಮಳೆ. ನೆನಪುಗಳನ್ನು ಬರೆಯುವ ಮಹನೀಯರು ಯಾರೂ ಮಳೆಯ ಸುದ್ದಿ ಎತ್ತಿದ್ದನ್ನು ನಾನು ಕಾಣೆ. ಅವರದೆಲ್ಲ ಬೆಂಗಳೂರು, ಮೈಸೂರು. ಕೊಡಗಿನಲ್ಲಿ ಜೂನ್ ಹಿಡಿದರೆ ಮೂರು ತಿಂಗಳು ಗೋಡೆ ಬೆವರುತ್ತದೆ. ರೇಷ್ಮೆ ಸೀರೆ ಹಾಳಾಗಬಾರದೆಂದು ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಡುವವರು ನಾವು. ಫ್ಲಾಪಿಯ ಮೇಲಿನ ಲೋಹದ ಬಾಗಿಲು ಸರಿಸಿ ನೋಡಿದರೆ ಒಳಗಿನ ಕಂದು ತಟ್ಟೆಯ ಮೇಲೆ ಬಿಳಿ ಬೂಷ್ಟು, ಉಪ್ಪಿನಕಾಯಿಗೆ ಬಂದ ಹಾಗೆ. ಕರೆಂಟು ಹೋದರೆ ಎರಡು ದಿನ, ಮೂರು ದಿನ. ಮೊದಲ ಮಳೆಗಾಲದಲ್ಲೇ ಕಂಪ್ಯೂಟರು ಹೊತ್ತಿಕೊಳ್ಳಲು ತಕರಾರು ಮಾಡಿತು. ಮೈಸೂರಿನಿಂದ ಬಂದ ರಿಪೇರಿಯವನು ಒಳಗೆ ತೇವ ಕೂತಿದೆ, ಬೆಚ್ಚಗಿರುವ ಜಾಗದಲ್ಲಿಡಿ ಎಂದ. ನಮ್ಮ ಮನೆಯಲ್ಲಿ ಮಳೆಗಾಲದಲ್ಲೂ ಬೆಚ್ಚಗಿರುವ ಜಾಗ ಒಂದೇ: ಅಡುಗೆಮನೆಯ ಸೌದೆಒಲೆಯ ಗೋಡೆಗೆ ಆಚೆಬದಿಯಲ್ಲಿದ್ದ ಉಗ್ರಾಣದ ಕೋಣೆ. ಹೀಗೆ ಆ ಪ್ರತಿಷ್ಠೆಯ ವಸ್ತು ಅಕ್ಕಿ ಮೂಟೆ, ಮೆಣಸಿನ ಚೀಲಗಳ ನಡುವೆ ಬಂದು ನಿಂತಿತು. ಗಂಡಸರು ಆ ಕೋಣೆಗೆ ಬರುತ್ತಿದ್ದದ್ದು ಅಪರೂಪ. ಅದು ಅತ್ತೆಯವರ ಮತ್ತು ನನ್ನ ಜಾಗ.

ಜಾಗ ಸಿಕ್ಕಿತು, ಭಾಷೆ ಸಿಕ್ಕಲಿಲ್ಲ. ಒತ್ತಿದರೆ ಇಂಗ್ಲಿಷು, ಬಂದರೆ ಇಂಗ್ಲಿಷು. ಕೆ. ಅನಂತ ಸುಬ್ಬರಾಯರು ರೂಪಿಸಿದ ಕೀಲಿಮಣೆಯ ಕನ್ನಡ ಟೈಪ್‌ರೈಟರಿನಲ್ಲಿ ನಾನು ಮದುವೆಗೆ ಮುಂಚೆ ಆರು ತಿಂಗಳು ಕುಟ್ಟಿದ್ದೆ. ಅಷ್ಟು ಒರಟು ಯಂತ್ರ ಕನ್ನಡ ಬರೆಯುತ್ತದೆ, ನಲವತ್ತೆಂಟು ಸಾವಿರದ್ದು ಬರೆಯುವುದಿಲ್ಲ ಎಂಬುದು ನನಗೆ ಅರ್ಥವೇ ಆಗುತ್ತಿರಲಿಲ್ಲ. ನಮ್ಮ ಹಾಗೆಯೇ ಕಾಫಿ ಬೆಳೆಯುತ್ತ ಮೂಡಿಗೆರೆಯಲ್ಲಿ ಕೂತಿದ್ದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿಗೆ ಕನ್ನಡ ಬಾರದಿದ್ದರೆ ಕನ್ನಡಕ್ಕೆ ಉಳಿಗಾಲವಿಲ್ಲ ಎಂಬ ಅರ್ಥದಲ್ಲಿ ಗಟ್ಟಿಯಾಗಿ ವಾದಿಸುತ್ತಿದ್ದರು. ಅವರು ಹೇಳುತ್ತಿದ್ದದ್ದು ಸಾಹಿತಿಯ ಆತಂಕವಲ್ಲ, ಉಗ್ರಾಣದ ಕೋಣೆಯ ಆತಂಕ ಎಂದು ನನಗೆ ತಿಳಿದದ್ದು ಆಗ.

1999ರಲ್ಲಿ ಮೈದುನ ಮೈಸೂರಿನಿಂದ ‘ಬರಹ’ ತಂದ. ಶೇಷಾದ್ರಿವಾಸು ಅವರು ದೂರದ ಅಮೆರಿಕದಲ್ಲಿದ್ದುಕೊಂಡು ತಯಾರಿಸಿ 1998ರಲ್ಲಿ ಪುಕ್ಕಟೆಯಾಗಿ ಹಂಚಿದ ತಂತ್ರಾಂಶ ಅದು. ಪುಕ್ಕಟೆ ಎಂಬ ಮಾತನ್ನು ಓದುಗರು ಸುಮ್ಮನೆ ದಾಟಿ ಹೋಗಬಾರದು. ಕನ್ನಡ ಅಕ್ಷರ ಮೂಡಿಸುವ ತಂತ್ರಾಂಶಗಳು ಆಗ ಮುದ್ರಣದ ಅಂಗಡಿಯವರಿಗೆಂದು ದುಡ್ಡಿಗೆ ಸಿಗುವ ಸರಕಾಗಿದ್ದವು. ಒಬ್ಬ ಗೃಹಿಣಿ ತಂಗಿಗೆ ಕಾಗದ ಬರೆಯಲು ಅಷ್ಟು ದುಡ್ಡು ಕೊಡುತ್ತಾಳೆಯೇ? ‘ಬರಹ’ ಆ ಬಾಗಿಲು ತೆರೆಯಿತು. ಮೊದಲ ದಿನ ನಾನು ‘ಅಮ್ಮ’ ಎಂದು ಒತ್ತಿದೆ. ಪರದೆಯ ಮೇಲೆ ಅಮ್ಮ ಮೂಡಿದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆಂಬುದು ಮರೆತುಹೋಯಿತು.

ಈ ಉಪಕಾರ ಒಪ್ಪಿಕೊಂಡೇ ಅದರ ಒಂದು ಗುಣವನ್ನು ವಿಮರ್ಶಿಸಬೇಕು. ‘ಬರಹ’ದಲ್ಲಿ ಕನ್ನಡ ಬರೆಯಲು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರ ಬರೆಯಬೇಕು. ‘ಕಮಲ’ ಎನ್ನಲು ಕೆ, ಎ, ಎಂ, ಎ, ಎಲ್, ಎ ಎಂದು ಆರು ಕೀಲಿ. ‘ಕೆ’ ಒಂದನ್ನೇ ಒತ್ತಿದರೆ ಬರುವುದು ‘ಕ್’. ವ್ಯಾಕರಣದ ಕಣ್ಣಿನಲ್ಲಿ ಇದು ಸರಿಯೇ. ವ್ಯಂಜನಕ್ಕೆ ಸ್ವರ ಸೇರಿದರೇನೇ ಅಕ್ಷರ ಎಂದು ನಾವೇ ತರಗತಿಯಲ್ಲಿ ಹೇಳುತ್ತೇವೆ. ಅದು ಕಟ್ಟುನಿಟ್ಟಿನ ಮೇಷ್ಟ್ರು ಬೇರೆ. ಳಕಾರಕ್ಕೂ ಣಕಾರಕ್ಕೂ ಶಿಫ್ಟ್ ಕೀಲಿ ಹಿಡಿಯದಿದ್ದರೆ ‘ಬಾಳೆಹಣ್ಣು’ ಹೋಗಿ ‘ಬಾಲೆಹನ್ನು’ ಆಗುತ್ತಿತ್ತು. ಈಗಿನ ಮಕ್ಕಳು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಗೀಚುವುದನ್ನು ಕಂಡವರು ಕೆಲವರು ‘ಬರಹ’ವೇ ಈ ಚಾಳಿ ಕಲಿಸಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಕ್ಕಳು ಳ, ಲ ಎರಡನ್ನೂ ಒಂದೇ ಮಾಡಿಕೊಂಡಿದ್ದಾರೆ. ‘ಬರಹ’ ಅದನ್ನು ಒಂದು ದಿನವೂ ಸಹಿಸಲಿಲ್ಲ.

ಆದರೆ ಇಂಗ್ಲಿಷೇ ಬಾರದವರು ಏನು ಮಾಡಬೇಕು? ಇದು ನನಗೆ ಹೊಳೆದದ್ದು ಅತ್ತೆಯವರಿಂದ.

ಅತ್ತೆಯವರು ಓದಿದ್ದು ಏಳನೆಯ ತರಗತಿ, ಕನ್ನಡದಲ್ಲಿ. ಅದೂ ಕೊಡಗು ಬೇರೆ ರಾಜ್ಯವಾಗಿದ್ದ ಕಾಲ; ಅದು ಮೈಸೂರಿನ ಜೊತೆ ಸೇರಿದ್ದು 1956ರ ನವೆಂಬರ್ 1ರಂದು, ಅದರ ಮರುವರ್ಷ ಅವರ ಮದುವೆ. ಓದುವ ಹುಚ್ಚು ವಿಪರೀತ. ಸಾಮಾನು ಕಟ್ಟಿದ ಪೇಪರನ್ನೂ ಬಿಡಿಸಿ ಓದಿಯೇ ಒಲೆಗೆ ಹಾಕುವವರು. ನಾನು ಬರೆಯುವುದನ್ನು ಕೆಲವು ದಿನ ಹಿಂದೆ ನಿಂತು ನೋಡಿದರು. ಒಂದು ದಿನ, “ಅಲ್ಲ ಕಣೇ, ಕನ್ನಡ ಬರೆಯೋಕೆ ನೀನು ಇಂಗ್ಲಿಷು ಯಾಕೆ ಒತ್ತುತ್ತೀ?” ಎಂದರು. ನಾನು ವಿವರಿಸಿದೆ. “ಹಾಗಾದ್ರೆ ಇದು ನಂಗಲ್ಲ ಬಿಡು,” ಎಂದು ಅಕ್ಕಿ ಆರಿಸಲು ಹೋದರು.

2001ರಲ್ಲಿ ಪೇಟೆಯ ಡಿ.ಟಿ.ಪಿ. ಅಂಗಡಿಗೆ ಶಾಲೆಯ ಪ್ರಶ್ನೆಪತ್ರಿಕೆ ಮಾಡಿಸಲು ಹೋದಾಗ ಅಲ್ಲಿಯ ಹುಡುಗ ಬೇರೆ ರೀತಿಯಲ್ಲಿ ಬೆರಳಾಡಿಸುತ್ತಿದ್ದದ್ದು ಕಂಡಿತು. ಕೆ.ಪಿ. ರಾವ್ ಅವರ ಕೀಲಿಮಣೆ ಎಂದ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾಯರು ಅಕ್ಷರಜೋಡಣೆಯ ಯಂತ್ರಗಳಲ್ಲಿ ಕೆಲಸ ಮಾಡಿ ಪಳಗಿದವರು. ಭಾಷೆಯನ್ನೂ ಯಂತ್ರವನ್ನೂ ಒಟ್ಟಿಗೆ ಬಲ್ಲವರು. ಅವರ ಕೀಲಿಮಣೆಯಲ್ಲಿ ‘ಕೆ’ ಒತ್ತಿದರೆ ಇಡೀ ‘ಕ’ ಬರುತ್ತದೆ. ‘ಕಮಲ’ಕ್ಕೆ ಮೂರೇ ಕೀಲಿ. ಗುಣಿತ ಬೇಕಾದರೆ ಮುಂದೆ ಸ್ವರದ ಕೀಲಿ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಇರುವ ಕೀಲಿ: ಕ, ಎಫ್, ಕ ಎಂದರೆ ‘ಕ್ಕ’. ಟಕಾರ ‘ಕ್ಯೂ’ ಮೇಲೆ, ಡಕಾರ ‘ಡಬ್ಲ್ಯೂ’ ಮೇಲೆ ಕೂತಿವೆ. ಇಂಗ್ಲಿಷಿನ ಕಾಗುಣಿತಕ್ಕೂ ಇದಕ್ಕೂ ಸಂಬಂಧವಿಲ್ಲ, ಕೀಲಿಯ ಮೇಲೆ ಕನ್ನಡ ಅಕ್ಷರ ಅಂಟಿಸಿದರೆ ಇಂಗ್ಲಿಷಿನ ಹಂಗೇ ಬೇಡ. ‘ಬರಹ’ ವ್ಯಾಕರಣದ ಪುಸ್ತಕದ ಹಾದಿ ಹಿಡಿದರೆ ಇದು ಸ್ಲೇಟಿನ ಹಾದಿ. ಮಗು ಮೊದಲು ‘ಕ’ ಎಂದು ಇಡಿಯಾಗಿ ಬರೆಯುತ್ತದೆ. ಅದರೊಳಗೆ ಅಕಾರವಿದೆ ಎಂಬುದು ಆಮೇಲೆ ತಿಳಿಯುವ ಮಾತು. ಎರಡರಲ್ಲಿ ಯಾವುದು ಮೇಲು ಎಂದರೆ ಟೀಚರಾಗಿ ನಾನು ಸ್ಲೇಟಿನ ಪಕ್ಷ. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದೇ ಕೀಲಿಮಣೆಯನ್ನು ಹಿಡಿದು ಸರ್ಕಾರಿ ಕಚೇರಿಗಳಿಗೆಲ್ಲ ಹೋಯಿತು.

ಆ ಹುಡುಗ ಯಾವುದೋ ಕಂಪನಿಯ ಕನ್ನಡ ಫಾಂಟುಗಳನ್ನು ಒಂದು ಫ್ಲಾಪಿಗೆ ಹಾಕಿಕೊಟ್ಟ. ಕದ್ದ ಪ್ರತಿಯೇ ಇರಬೇಕು, ನಾನು ಕೇಳಲೂ ಇಲ್ಲ. ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನು ಚೂರು ಚೂರು ಕತ್ತರಿಸಿ, ಬಾಲ್‌ಪೆನ್ನಿನಲ್ಲಿ ಅಕ್ಷರ ಬರೆದು ಕೀಲಿಗಳಿಗೆ ಅಂಟಿಸಿದೆ. ‘ಎಫ್’ ಮೇಲೆ ಏನು ಬರೆಯಲಿ ಎಂದಾಗ ಅತ್ತೆಯವರೇ ಒಂದು ಕೊಕ್ಕೆಯ ಚಿತ್ರ ಬಿಡಿಸಿದರು. “ಕೊಕ್ಕೆ ಹಾಕಿದ್ರೆ ಕೆಳಗೆ ನೇತಾಡ್ತದೆ, ಅಷ್ಟೇ ತಾನೇ?” ಎಂದರು. ನಾನು ಬಿ.ಎಡ್.ನಲ್ಲಿ ಓದಿದ ಯಾವ ಬೋಧನಾ ವಿಧಾನದಲ್ಲೂ ಒತ್ತಕ್ಷರವನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಅರವತ್ತಮೂರು ವರ್ಷದ ಅತ್ತೆಯವರು ಒಂದೇ ಬೆರಳಿನಲ್ಲಿ ಬರೆಯಲು ಶುರುಮಾಡಿದರು. ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ, ಕರೆಂಟಿದ್ದರೆ, ಒಂದು ಗಂಟೆ. ಮೊದಲು ಹಾಲಿನ ಲೆಕ್ಕ, ಆಮೇಲೆ ಹಬ್ಬದ ಅಡುಗೆಯ ಅಳತೆಗಳು, ಆಮೇಲೆ ತಮ್ಮ ಚಿಕ್ಕಂದಿನ ಸಂಗತಿ. ಏನು ಬರೆಯುತ್ತಿದ್ದೀರಿ ಎಂದು ಕೇಳಿದರೆ “ಸುಮ್ನೆ, ಹೀಗೇ” ಎನ್ನುತ್ತಿದ್ದರು. 2003ರ ಹೊತ್ತಿಗೆ ನಲವತ್ತಮೂರು ಪುಟವಾಗಿತ್ತು. ಅದರಲ್ಲಿ ಹನ್ನೊಂದು ಪುಟ ಮುದ್ರಿಸಿಕೊಟ್ಟಿದ್ದೆ. ಆ ಹೊತ್ತಿಗೆ ಕಾಫಿಯ ಬೆಲೆ ಪಾತಾಳಕ್ಕೆ ಇಳಿದು ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ಪ್ರಿಂಟರಿನ ಶಾಯಿ ತರಿಸುವ ಮಾತು ನಾನು ಎತ್ತಲಿಲ್ಲ. ಕಂಪ್ಯೂಟರಿನೊಳಗೆ ಇದೆಯಲ್ಲ, ಎಲ್ಲಿ ಹೋಗುತ್ತದೆ ಎಂದುಕೊಂಡೆ.

2005ರ ಬೇಸಿಗೆಯ ಸಿಡಿಲಿಗೆ ಆ ಯಂತ್ರ ಹೋಯಿತು. ಫೈಲನ್ನು ಹಿಂದಿನ ವರ್ಷವೇ ಸಿ.ಡಿ.ಗೆ ಹಾಕಿಸಿದ್ದೆನಾದ್ದರಿಂದ ಗಾಬರಿಯಾಗಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹಾಕಿಕೊಂಡ ಯಾವುದೋ ಯೂರೋಪಿನ ಅಕ್ಷರಗಳು. ಫಾಂಟಿನ ಫ್ಲಾಪಿ ಬೂಷ್ಟು ಹಿಡಿದಿತ್ತು. ಡಿ.ಟಿ.ಪಿ. ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಅತ್ತೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇದು ನಾನು ಬರೆದದ್ದಲ್ಲ ಕಣೇ. ಯಾರದೋ ಕಾಗದ ತಪ್ಪಿ ನಮ್ಮನೆಗೆ ಬಂದಿದೆ,” ಎಂದರು. ಮತ್ತೆ ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ. ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಪೆನ್ಸಿಲಿಗೆ ಮರಳಿತು. 2009ರಲ್ಲಿ ತೀರಿಕೊಂಡರು.

ಆಗಿನ ಫಾಂಟುಗಳ ಗುಟ್ಟು ನನಗೆ ತಿಳಿದದ್ದು ಆಮೇಲೆ. ಅವುಗಳಲ್ಲಿ ಕನ್ನಡವೆಂಬುದು ವೇಷ ಮಾತ್ರ. ಕಂಪ್ಯೂಟರು ಒಳಗೆ ಬರೆದಿಟ್ಟುಕೊಳ್ಳುತ್ತಿದ್ದದ್ದು ಯೂರೋಪಿನ ಅಕ್ಷರಗಳ ಸಂಖ್ಯೆಗಳನ್ನೇ. ಫಾಂಟು ಅವುಗಳಿಗೆ ಕ, ಕೊಂಬು, ದೀರ್ಘ, ಒತ್ತು ಎಂದು ಬಣ್ಣ ಹಚ್ಚಿ ರಂಗಕ್ಕೆ ಬಿಡುತ್ತಿತ್ತು. ಒಂದೊಂದು ಕಂಪನಿಯ ಬಣ್ಣಗಾರಿಕೆ ಒಂದೊಂದು ಬಗೆ. ಅದೇ ಫಾಂಟು ಇಲ್ಲದಿದ್ದರೆ ವೇಷ ಕಳಚಿತು. ಎಲ್ಲರಿಗೂ ಒಂದೇ ಆದ ಯೂನಿಕೋಡ್ ಎಂಬ ಕ್ರಮದಲ್ಲಿ ಕನ್ನಡಕ್ಕೆ ಅದರದೇ ಜಾಗ ಸಿಕ್ಕಿದ್ದು 1991ರಲ್ಲಿ, ಅಂದರೆ ನಮ್ಮ ಮನೆಗೆ ಕಂಪ್ಯೂಟರು ಬರುವ ಏಳು ವರ್ಷ ಮೊದಲೇ. ಮನೆಯ ಕಂಪ್ಯೂಟರುಗಳು ಅದನ್ನು ತೋರಿಸುವಂತಾದದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಈ ಹತ್ತು ಹದಿನೈದು ವರ್ಷಗಳ ನಡುವೆ ಮನೆಗಳಲ್ಲಿ ಬರೆದ ಕನ್ನಡದ ಗತಿ ಏನಾಯಿತು ಎಂದು ಯಾರೂ ಕೇಳಿಲ್ಲ. ‘ಬರಹ’, ‘ನುಡಿ’ಗಳ ಹಳೆಯ ಫೈಲನ್ನು ಯೂನಿಕೋಡಿಗೆ ತರುವ ಸಾಧನಗಳಿವೆ, ಅವು ಬಹಳ ಜನರ ಬಳಕೆಯವು. ಹೆಸರಿಲ್ಲದ ಫಾಂಟಿನಲ್ಲಿ ಬರೆದವರು ಹೋದಂತೆಯೇ.

ಸುಂಟಿಕೊಪ್ಪದ ಹತ್ತಿರದ ಗುಂಡುಗುಟ್ಟಿಯ ತೋಟದ ಮನೆಯಲ್ಲಿ ಕೂತು ಕತೆ ಬರೆದ ಕೊಡಗಿನ ಗೌರಮ್ಮ ತೀರಿಕೊಂಡದ್ದು 1939ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ. ಅವರ ‘ಕಂಬನಿ’ಯನ್ನು ನಾನು ಗ್ರಂಥಾಲಯದಿಂದ ತಂದು ಓದಿದೆ. ಅದೇ ಮಳೆ, ಅದೇ ಬೂಷ್ಟಿನ ಸೀಮೆಯಲ್ಲಿ ಬರೆದದ್ದು. ಒಂದು ಅಕ್ಷರವೂ ಅಳಿಸಿಲ್ಲ. ಕಂಪ್ಯೂಟರು ನೆನಪು ಉಳಿಸುತ್ತದೆ ಎಂದು ವಿಶೇಷಾಂಕಗಳಲ್ಲಿ ಓದಿದಾಗಲೆಲ್ಲ ನನಗೆ ಗೌರಮ್ಮನವರ ಆ ಪುಸ್ತಕ ಕಣ್ಣ ಮುಂದೆ ಬರುತ್ತದೆ. ಹಾಗೆಂದು ಕಂಪ್ಯೂಟರು ಬೇಡವಿತ್ತು ಎನ್ನಲಾರೆ. ಕಾಗದ ಪೆನ್ನು ನಲವತ್ತು ವರ್ಷ ಅತ್ತೆಯವರ ಕೈಗೆಟುಕುವಲ್ಲೇ ಇದ್ದವು. ಅವರು ಹಾಲಿನ ಲೆಕ್ಕ ಬಿಟ್ಟು ಏನನ್ನೂ ಬರೆದಿರಲಿಲ್ಲ. ಕೊಕ್ಕೆ ಬಿಡಿಸಿದ ಆ ಕೀಲಿಮಣೆಯ ಮುಂದೆ ಕೂತ ಮೇಲೆಯೇ ಬರೆದರು.

ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಾಗ ಈ ಕತೆ ಕೇಳಿ ಸಿ.ಡಿ.ಯನ್ನೂ ಆ ಹನ್ನೊಂದು ಪುಟವನ್ನೂ ತೆಗೆದುಕೊಂಡು ಹೋದಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಅವಳಿಗೆ. ಮುದ್ರಿಸಿದ ಪುಟದ ಅಕ್ಷರಕ್ಕೆ ಫೈಲಿನ ಅಕ್ಷರ ಹೊಂದಿಸಿ, ಯಾವ ಟೋಪಿಗೆ ಯಾವ ಕನ್ನಡ ಎಂದು ಪಟ್ಟಿ ಮಾಡಿ, ಇಡೀ ನಲವತ್ತಮೂರು ಪುಟವನ್ನು ಯೂನಿಕೋಡಿಗೆ ತಂದುಕೊಟ್ಟಳು. ಎರಡು ಗುರುತು ಮಾತ್ರ ದಕ್ಕಲಿಲ್ಲ. ಫೈಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವಾಗಲೇ ಅವು ಉದುರಿಹೋಗಿದ್ದವಂತೆ: ತಕಾರದ ಒತ್ತು ಮತ್ತು ಅರ್ಕಾವತ್ತು. ಹಾಗಾಗಿ ‘ಹತ್ತಿರ’ವೆಲ್ಲ ‘ಹತಿರ’, ‘ಬತ್ತ’ವೆಲ್ಲ ‘ಬತ’, ‘ವರ್ಷ’ವೆಲ್ಲ ‘ವಷ’. ಉತ್ತರಪತ್ರಿಕೆ ತಿದ್ದಿ ಅಭ್ಯಾಸವಿರುವ ನನಗೆ ಅದೇನೂ ಕಷ್ಟವಲ್ಲ. ಸಂದರ್ಭ ನೋಡಿ ಒಂದೊಂದೇ ಒತ್ತು ಹಾಕುತ್ತ ಬಂದೆ.

ಇಪ್ಪತ್ತಾರನೆಯ ಪುಟದಲ್ಲಿ ನಿಂತಿದ್ದೇನೆ. ಏಳನೆಯ ತರಗತಿ ಪಾಸಾದ ಮೇಲೆ ಅವರಿಗೆ ಮಡಿಕೇರಿಯಲ್ಲಿ ಹೈಸ್ಕೂಲಿಗೆ ಸೇರುವ ಆಸೆಯಿತ್ತಂತೆ. ಇಬ್ಬರನ್ನೂ ಓದಿಸಲಾಗುವುದಿಲ್ಲ, ತಮ್ಮ ಹೋಗಲಿ ಎಂದು ಅವರ ತಂದೆ ಹೇಳಿದರಂತೆ. ಮುಂದಿನ ಸಾಲು ಹೀಗಿದೆ: “ನಾನು ಅತು ಸುಮ್ಮನಾದೆ.” ಅತ್ತು ಸುಮ್ಮನಾದರೋ, ಅರ್ತು ಸುಮ್ಮನಾದರೋ? ಅವರು ಮಾತಾಡಿದ ಹಾಗೆಯೇ ಬರೆಯುತ್ತಿದ್ದವರು, ‘ಅರಿತು’ ಎಂದು ಪುಸ್ತಕದ ಮಾತು ಬರೆಯುತ್ತಿರಲಿಲ್ಲ. ಮುದ್ರಿಸಿದ ಹನ್ನೊಂದು ಪುಟಗಳಲ್ಲಿ ಈ ಪುಟವಿಲ್ಲ. ನಮ್ಮ ಯಜಮಾನರನ್ನು ಕೇಳಿದೆ, “ಅಮ್ಮ ಅಳುವವಳಲ್ಲ” ಎಂದರು. ಅವರ ತಮ್ಮನನ್ನು, ಮಡಿಕೇರಿಯಲ್ಲಿ ಓದಿದ ಆ ಮಾವನನ್ನು, ಫೋನಿನಲ್ಲಿ ಕೇಳಿದೆ. ಅವರಿಗೀಗ ಎಂಬತ್ತು ದಾಟಿದೆ. ಅಕ್ಕ ಹೈಸ್ಕೂಲಿಗೆ ಹೋಗಬೇಕೆಂದಿದ್ದ ವಿಷಯವೇ ತಮಗೆ ಗೊತ್ತಿರಲಿಲ್ಲ ಎಂದರು.

ಆ ಸಾಲನ್ನು ತಿದ್ದದೆ ಹಾಗೆಯೇ ಬಿಟ್ಟು ಇಪ್ಪತ್ತೇಳನೆಯ ಪುಟಕ್ಕೆ ಹೋದೆ.